ಕಿಷ್ಕಿಂಧೆಗೆ ಸ್ವಂತ ನಾಯಕನನ್ನು ನುಗ್ಗಿಸುವ ವಿಧಾನ

ಸಿಂಧನೂರಿನಲ್ಲಿ ಭಾನುವಾರ ಮಧ್ಯಾಹ್ನ ನಾಲ್ವರು ಗೆಳೆಯರು ದಾಳ ಹಿಡಿದು ಕೂತಿದ್ದೀರಿ ಎನ್ನಿ. 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಜಾತಿಯ ಆಟ: ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಲಾ ಒಂದು ಪಾತ್ರವಾಗುತ್ತಾರೆ. ಇವತ್ತಿನ ಲೋಕ ಕಿಷ್ಕಿಂಧೆ. ದೂರದ್ದೇನಲ್ಲ, ಗಂಗಾವತಿ ಆಚೆಯ ಆನೆಗೊಂದಿ. ಅಲ್ಲಿಗೆ ನಿಮ್ಮದೇ ನಾಯಕನನ್ನು ಕಳಿಸಬೇಕು. ಹೇಳಿದಷ್ಟು ಮಾಡಿ.

ಮೊದಲು, ರಾಮಾಯಣ ಓದಬೇಡಿ. ಓದಿದರೆ ಕಥೆಯಲ್ಲಿ ಸಂದು ಎಲ್ಲಿದೆ ಎಂದು ಗೊತ್ತಾಗಿ, ನಿಮ್ಮವನು ಯಾವುದೋ ಗುಹೆಯ ಕಾವಲುಗಾರನಾಗಿ ಸಲೀಸಾಗಿ ಹೊಂದಿಕೊಂಡುಬಿಡುವ ಅಪಾಯವಿದೆ. ಅವನನ್ನು ನೇರವಾಗಿ ವಾಲಿ, ಸುಗ್ರೀವರ ಮೂರನೆಯ ತಮ್ಮನನ್ನಾಗಿಸಿ. ಇಷ್ಟು ದಿನ ಎಲ್ಲಿದ್ದ ಎಂದು ಕೇಳಿದರೆ ತಪಸ್ಸಿಗೆ ಹೋಗಿದ್ದ ಎನ್ನಿ.

ಬಲ ಕೊಡುವಾಗ ಕೈ ಹಿಡಿಯಬೇಡಿ. ವಾಲಿ ಎದುರಾಳಿಯ ಅರ್ಧ ಬಲ ಎಳೆದುಕೊಳ್ಳುತ್ತಾನಲ್ಲವೇ, ಉಳಿದರ್ಧ ನಿಮ್ಮವನಿಗೆ. ಲಂಕೆಗೆ ಹಾರುವ ಮುನ್ನ ಹನುಮಂತ ಇವನ ಹತ್ತಿರವೇ ದಾರಿ ಕೇಳಲಿ. ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ತರುವ ಶಕ್ತಿಯೊಂದನ್ನು ಮಾತ್ರ ಬಿಡಿ. ನಮ್ಮೂರಲ್ಲಿ ಯಾರೂ ನಂಬುವುದಿಲ್ಲ.

ಆಕ್ಷೇಪ ಬಂದರೆ ಪಂಪನನ್ನು ಮುಂದೆ ಮಾಡಿ. ಹತ್ತನೆಯ ಶತಮಾನದಲ್ಲೇ ಆತ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಳಗೆ ಕೂರಿಸಿದ. ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು, ಕೊನೆಗೆ ಪಟ್ಟವೂ ಅವನಿಗೇ. ಇಷ್ಟನ್ನೇ ಹೇಳಿ ನಿಲ್ಲಿಸಿ. ದೊರೆಯನ್ನು ಮೆರೆಸಲು ಕೂತ ಆ ಕವಿ ಕರ್ಣನನ್ನು ಕುಗ್ಗಿಸಲಿಲ್ಲ, ಹಾಗಾಗಿ ಓದುಗರು ಇವತ್ತಿಗೂ ಕರ್ಣನಿಗೇ ಕಣ್ಣೀರು ಹಾಕುತ್ತಾರೆ. ಆ ತಪ್ಪು ನಿಮಗೆ ಬೇಡ. ಬಯಲಾಟದ ಸಾರಥಿಯಿಂದಲೂ ಕಲಿಯಬೇಡಿ: ಯಾವ ಪ್ರಸಂಗಕ್ಕೆ ಬಂದರೂ ಅವನು ಎದುರಿನ ಪಾತ್ರಕ್ಕೆ ನೀನ್ಯಾರು, ಯಾವೂರು ಎಂದು ಕೇಳಿ ಮಾತಾಡಿಸುತ್ತಾನೆ. ಕಾಲಹರಣ.

ನಿಮ್ಮವನ ಹೆಸರು ಪ್ರತಿ ಮಾತಿನಲ್ಲೂ ಬರಲಿ. ಅಶೋಕ ಹೆಚ್ಚಿನ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನಲ್ಲೇ ಸುಮ್ಮನಾದ. ಆ ದೇವಾನಾಂಪ್ರಿಯ ಅಶೋಕನೇ ಎಂದು ಖಾತ್ರಿಯಾಗಲು 1915ರಲ್ಲಿ ಪಕ್ಕದ ಮಸ್ಕಿಯ ಬಂಡೆ ಸಿಗಬೇಕಾಯಿತು. ಎರಡು ಸಾವಿರ ವರ್ಷ ಕಾಯುವ ವ್ಯವಧಾನ ನಿಮಗಿದೆಯೇ?

ನಡುವೆ ಯಾರಾದರೂ, "ಲೇ, ನಮ್ಮ ಪಾಳಿ ಯಾವಾಗ ಬರ್ತೈತೋ?" ಎಂದಾರು. ವಂಶಾವಳಿ ಇನ್ನೂ ಮುಗಿದಿಲ್ಲ ಎಂದು ಸಮಾಧಾನವಾಗಿ ತಿಳಿಸಿ. ಒಬ್ಬೊಬ್ಬರೇ ಮೊಬೈಲ್ ತೆಗೆದರೆ ಬೆರಗಾಗಿದ್ದಾರೆ ಎಂದು ತಿಳಿಯಿರಿ. ಮಿರ್ಚಿ ತರುತ್ತೇವೆಂದು ಮೂವರೂ ಒಟ್ಟಿಗೆ ಎದ್ದು ಹೋದರೂ ಕಥೆ ನಿಲ್ಲಿಸಬೇಡಿ.

ಮುಂದಿನ ಭಾನುವಾರ ಯಾರೂ ಬರದಿದ್ದರೆ ದಾಳ ನೀವೇ ಉರುಳಿಸಿ. ಬೇಕಾದ್ದು ಬೀಳದಿದ್ದರೆ ಮತ್ತೆ ಉರುಳಿಸಿ. ನೋಡುವವರು ಯಾರೂ ಇಲ್ಲ.