ದಂಡಪತ್ರಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧಚತುಷ್ಟಯವನ್ನು ಮೊದಲು ಹೇಳುವುದು ಸಂಪ್ರದಾಯವಾದುದರಿಂದ ಹೇಳುತ್ತೇನೆ: ವಿಷಯವು ತಾಮ್ರದ ಕಂಬಿ ಮತ್ತು ತಗಡು, ಪ್ರಯೋಜನವು ಬೆಳೆಗೆ ನೀರು, ಸಂಬಂಧವು ಕರೆಂಟು ಇದ್ದಾಗ ಮಾತ್ರ ಸಿದ್ಧಿಸುವಂಥದು, ಅಧಿಕಾರಿಯು ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಮೋಟಾರು ಸುಟ್ಟುಕೊಂಡ ಯಾವನೇ ರೈತನು.

ಈ ಸೀಮೆಯಲ್ಲಿ ತಾಮ್ರೋದ್ಯಮವೇ ಇಲ್ಲವೆಂಬುದು ಪೂರ್ವಪಕ್ಷ. ತಾಮ್ರವನ್ನು ಕರಗಿಸಲು ಬೇಕಾದ 1085 ಡಿಗ್ರಿ ಸೆಲ್ಸಿಯಸ್ ಶಾಖವು ಇಲ್ಲಿಯ ಬೇಸಗೆಗೂ ಅಸಾಧ್ಯವೆಂದು ವಾದಿಸುವ ಇವರು ಪೇಟೆಯ ರಿವೈಂಡಿಂಗ್ ಅಂಗಡಿಯನ್ನು ಹೊಕ್ಕು ನೋಡಿದವರಲ್ಲ.

ಕಂಬಿಯು ದ್ವಿವಿಧ: ಸುಟ್ಟದ್ದು, ಇನ್ನು ಸುಡಲಿರುವುದು. ಕಾರ್ಖಾನೆಯಲ್ಲಿ 8 ಮಿಲಿಮೀಟರ್ ಕಂಬಿಯಾಗಿ ಜನಿಸಿ, ಒಂದಕ್ಕಿಂತ ಒಂದು ಕಿರಿದಾದ ಅಚ್ಚಿನ ರಂಧ್ರಗಳಲ್ಲಿ ಎಳೆಸಿಕೊಂಡು ತಂತಿಯಾಗಿ, ಪ್ಲಾಸ್ಟಿಕ್ಕಿನ ಕವಚವನ್ನು ಹೊದ್ದು ಪಾತಾಳದ ಮೋಟಾರನ್ನು ಸೇರುವ ಈ ಲೋಹವು, ಮೂರು ಫೇಸುಗಳಲ್ಲೊಂದು ಅಂತರ್ಧಾನವಾದೊಡನೆ ಉಳಿದೆರಡರ ಮೇಲೆಯೇ ಸಮಸ್ತ ಭಾರವೂ ಬೀಳಲಾಗಿ, ಕಾದು, ಕವಚವನ್ನು ಕಳೆದುಕೊಂಡು, ಕರ್ರಗಾಗಿ ಕೊಳವೆಬಾವಿಯಿಂದ ಮೇಲೇರುತ್ತದೆ. ಅಂಗಡಿಯಾತನು ಸುರುಳಿಯನ್ನು ಕಡಿದೆಳೆದು, ಗುಜರಿಯ ತೂಕಕ್ಕೆ ತಕ್ಕಡಿಯಲ್ಲಿಟ್ಟು, “ಒಂದು ಫೇಸ್ ಹೋಗೇತ್ರೀ ಗೌಡ್ರ” ಎಂಬ ಒಂದೇ ವಾಕ್ಯದಲ್ಲಿ ಸಮಗ್ರ ಕಾರ್ಯಕಾರಣಭಾವವನ್ನು ನಿರೂಪಿಸುತ್ತಾನೆ. ತರ್ಕಶಾಸ್ತ್ರದಲ್ಲಿ ಇಷ್ಟು ಸಂಕ್ಷಿಪ್ತವಾದ, ಇಷ್ಟು ದುಬಾರಿಯಾದ ಅನುಮಾನವು ಬೇರೆಲ್ಲಿಯೂ ದೊರೆಯದು.

ತಗಡಿನ ವಿಷಯ ಇನ್ನೂ ಗಹನ. ಹಂಡೆ, ಕೊಡಗಳನ್ನು ಬಲ್ಲವರಿಗೆ ವಿವರಣೆ ಬೇಡ. ಪೂರ್ವದಲ್ಲಿ ಅರಸರು ಭೂದಾನವನ್ನು ತಾಮ್ರಪಟದ ಮೇಲೆ ಕೊರೆಯಿಸಿ, ಬಳೆಯಲ್ಲಿ ಪೋಣಿಸಿ, ಮುದ್ರೆಯೊತ್ತಿ ಕೊಡುತ್ತಿದ್ದರಷ್ಟೆ; ಅವು ಕಾಲಾಂತರದಲ್ಲಿ ನೇಗಿಲಿಗೆ ಸಿಕ್ಕು ವಿದ್ವಾಂಸರ ಉಪಜೀವನಕ್ಕೆ ಒದಗಿದವು. ಇಂದಿನ ತಾಮ್ರಪಟವು ಅರ್ಥಿಂಗ್ ಪ್ಲೇಟು: 60 ಸೆಂಟಿಮೀಟರ್ ಚೌಕ, 3.15 ಮಿಲಿಮೀಟರ್ ದಪ್ಪ. ಸೋರಿದ ವಿದ್ಯುತ್ತು ಮನುಷ್ಯನನ್ನು ಬಿಟ್ಟು ಭೂಮಿಯನ್ನು ಸೇರಲೆಂದು ಇದನ್ನು ಇದ್ದಿಲು, ಉಪ್ಪುಗಳ ನಡುವೆ ನಿಲ್ಲಿಸಿ ಹೂಳಿ, ಬೇಸಗೆಯಲ್ಲಿ ಕೊಳವೆಯ ಮೂಲಕ ನೀರೆರೆಯುತ್ತಾರೆ. (ಕಬ್ಬಿಣದ ಪೈಪಿನಲ್ಲಿಯೇ ತೃಪ್ತರಾದವರು ಈ ಗ್ರಂಥದ ವ್ಯಾಪ್ತಿಗೆ ಸೇರರು.)

ಸಾವಿರ ವರ್ಷಗಳ ಅನಂತರ ಇದನ್ನು ಅಗೆದು ತೆಗೆಯುವ ಶಾಸನತಜ್ಞನು ಇದ್ದಿಲನ್ನು ಕಂಡು ಯಜ್ಞಕುಂಡವೆಂದೂ, ಕೊಳವೆಯನ್ನು ಕಂಡು ಅಭಿಷೇಕವೆಂದೂ, ಬೋಲ್ಟಿನ ರಂಧ್ರವನ್ನು ಕಂಡು ಮುದ್ರೆಯ ಬಳೆ ಇದ್ದ ಸ್ಥಾನವೆಂದೂ ನಿರ್ಣಯಿಸುವನು. ಅಕ್ಷರಗಳೇಕಿಲ್ಲವೆಂಬ ಆಕ್ಷೇಪಕ್ಕೆ, ದಾನವು ಮೌಖಿಕವಾಗಿತ್ತೆಂಬ ಸಮಾಧಾನವುಂಟು. ಅದು ಹಾನಗಲ್ಲಿನ ಕದಂಬರದೋ ಸವಣೂರಿನ ನವಾಬರದೋ ಎಂಬ ವಿವಾದ ಮಾತ್ರ, ಇಬ್ಬರಿಗಾದರೂ ಪಿಎಚ್.ಡಿ. ಪದವಿಯನ್ನು ಕೊಡಿಸದೆ ಮುಗಿಯಲಾರದು.