ಕೀವರ್ಡಪ್ಪ

ಹುಣಸೂರು ಕಡೆಯ ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಯ ಆಸುಪಾಸಿನಲ್ಲಿ ಟೀ ಕುಡಿಯುತ್ತ ಯಾರಾದರೂ 'ಇವತ್ತು ರೇಟು ಎಷ್ಟಕ್ಕೋಯ್ತು?' ಅಂದರೆ ಕೂತವರು ರೇಟು ಹೇಳುತ್ತಾರೆ. ಕೀವರ್ಡಪ್ಪ ಮಾತ್ರ 'ಇದು ಇನ್ಫರ್ಮೇಶನಲ್' ಎಂದು ತೀರ್ಪು ಕೊಡುತ್ತಾನೆ. 'ತಂಬಾಕು ಮಂಡಳಿ ಆಫೀಸು ಯಾವ ಕಡೆ?' ಎಂದವನು ನ್ಯಾವಿಗೇಶನಲ್. 'ಎಲೆ ಒಣಗಿಸೋ ಬ್ಯಾರನ್ನಿಗೆ ಸೌದೆ ಬೇಕಿತ್ತು' ಎಂದವನು ಟ್ರಾನ್ಸಾಕ್ಷನಲ್. ದುಡ್ಡು ಕೈಯಲ್ಲಿ ಹಿಡಿದೇ ಬಂದಿರುವುದರಿಂದ ಅವನಿಗೆ ವಿಶೇಷ ಮರ್ಯಾದೆ. 'ಯಾವ ಟ್ರ್ಯಾಕ್ಟರ್ ವಾಸಿ?' ಎನ್ನುವವನು ಕಮರ್ಷಿಯಲ್: ಕೊಳ್ಳುವ ಮನಸ್ಸಿದೆ, ಹೆಂಡತಿಯ ಒಪ್ಪಿಗೆ ಸಿಕ್ಕಿಲ್ಲ. ಇಷ್ಟಾದ ಮೇಲೂ ಸೌದೆ ಕೇಳಿದವನಿಗೆ ಸೌದೆ ಸಿಕ್ಕಿರುವುದಿಲ್ಲ.

ಹೆಸರು ನಾವಿಟ್ಟದ್ದು. ಬೆಂಗಳೂರಿನಲ್ಲಿ ವೆಬ್‌ಸೈಟುಗಳನ್ನು ಗೂಗಲ್‌ನ ಮೊದಲ ಪುಟಕ್ಕೆ ಹತ್ತಿಸುವ ಕೆಲಸದಲ್ಲಿದ್ದವನು 2020ರ ಲಾಕ್‌ಡೌನಿಗೆ ಊರು ಸೇರಿ ಇಲ್ಲೇ ಉಳಿದ. ಅಂಗಿ ಇಸ್ತ್ರಿ, ಚಪ್ಪಲಿ ಹವಾಯಿ, ಮಾತು ಸದಾ ಹುಡುಕಾಟದ್ದು. 2002ರಲ್ಲಿ ಆಂದ್ರೇ ಬ್ರೋಡರ್ ಎಂಬ ವಿಜ್ಞಾನಿ ಜನರ ಹುಡುಕಾಟವನ್ನು ಮೂರು ಪಾಲು ಮಾಡಿದ್ದನ್ನೂ ನಾಲ್ಕನೆಯದು ಆಮೇಲೆ ಸೇರಿದ್ದನ್ನೂ ತನ್ನ ಮನೆಯ ಪಾಲುಪಟ್ಟಿಯ ಹಾಗೆ ಹೇಳುತ್ತಾನೆ.

ನನ್ನ ಭಾವಮೈದ ಕಾಡಂಚಿನಲ್ಲಿ ಹೋಂಸ್ಟೇ ತೆರೆದಾಗ ವೆಬ್‌ಸೈಟಿಗೆ ನಾಲ್ಕು ಸಾಲು ಬರೆಯುವ ಗೌರವ ನನಗೆ ಬಂತು. ಊರಿನಲ್ಲಿ ಸಾಹಿತಿ ಎನ್ನಿಸಿಕೊಂಡಿರುವುದಕ್ಕೆ ಇಂಥ ದಂಡ ಆಗಾಗ ತೆರಬೇಕಾಗುತ್ತದೆ. ಬ್ರಹ್ಮಗಿರಿಯಿಂದ ಇಳಿದು ಬರುವ ಲಕ್ಷ್ಮಣತೀರ್ಥ, ಮುಂಜಾವಿನ ಮಂಜು, ದೂರದಲ್ಲಿ ಆನೆಯ ಘೀಳು, ಎಲ್ಲವನ್ನೂ ಇಟ್ಟೆ. ಕೀವರ್ಡಪ್ಪ ಓದಿದ. 'ಆನೆ ಘೀಳು ಅಂತ ನಮ್ ಕಡೆ ಯಾರೂ ಹುಡುಕಲ್ಲ ಸಾರ್. ಅದೇ ನಮ್ಮನ್ನ ಹುಡುಕ್ಕೊಂಡು ಬರುತ್ತೆ.'

ಭಾವಮೈದ ತನ್ನ ಉಪಾಯ ಹೇಳಿದ: 'ಹೋಂಸ್ಟೇ, ಹೋಂಸ್ಟೇ ಅಂತ ಐವತ್ತು ಸಲ ಒಳಗೆ ಬಚ್ಚಿಟ್ಟರೆ?' ಕೀವರ್ಡಪ್ಪ ಹಣೆ ಚಚ್ಚಿಕೊಂಡ. ಪುಟದ ಒಳಗೆ ಅಡಗಿಸಿಡುವ ಕೀವರ್ಡ್ ಪಟ್ಟಿಯನ್ನು ರ‍್ಯಾಂಕಿಂಗಿಗೆ ಲೆಕ್ಕಕ್ಕೇ ತಗೊಳ್ಳೋದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆಯಂತೆ. ಕಾಣುವ ಹಾಗೆ ತುರುಕಿದರೆ ಇನ್ನೂ ಕೆಳಕ್ಕೆ ತಳ್ಳುತ್ತದಂತೆ. 'ಬರೀ ಹೋಂಸ್ಟೇ ಅನ್ನೋದು ಶಾರ್ಟ್ ಟೇಲ್. ಕೊಡಗು, ಚಿಕ್ಕಮಗಳೂರು, ವಯನಾಡು ಎಲ್ಲಾ ಆ ಕ್ಯೂನಲ್ಲಿ ನಿಂತವೆ. ನಾವು ಹುಣಸೂರು ಬಸ್‌ಸ್ಟ್ಯಾಂಡ್ ತಂಕ ಹಿಂದೆ ಇರ್ತೀವಿ. ಲಾಂಗ್ ಟೇಲ್ ಹಿಡೀರಿ. ಕೇಳೋರು ಕಮ್ಮಿ, ಆದ್ರೆ ಕೇಳಿದೋರು ಬಂದೇ ಬರ್ತಾರೆ.' ಹಾಗೆಂದವನೇ ನನ್ನ ಮಂಜನ್ನೆಲ್ಲ ಅಳಿಸಿ 'ವೀರನಹೊಸಹಳ್ಳಿ ಗೇಟ್ ಹತ್ತಿರ ಸಾಕುನಾಯಿ ಕರೆತರಬಹುದಾದ ಹೋಂಸ್ಟೇ' ಎಂದು ಹಾಕಿದ.

ಬಂದರು. ಮೈಸೂರಿನ ಒಂದು ಸಂಸಾರ, ಕರುಗಳಷ್ಟು ಎತ್ತರದ ಮೂರು ನಾಯಿಗಳ ಸಮೇತ. ಭಾವಮೈದನಿಗೆ ನಾಯಿ ಕಂಡರೆ ಜೀವಭಯ. ಅತಿಥಿ ಸತ್ಕಾರವನ್ನೆಲ್ಲ ಪಕ್ಕದ ಮನೆಯ ತಾರಸಿಯ ಮೇಲಿಂದ ಕೂಗಿ ಮಾಡಿದ. ಅವರು ಬಿಲ್ಲು ಪೂರ್ತಿ ಕೊಟ್ಟು, ಐದು ಸ್ಟಾರ್ ಒತ್ತಿ, 'ಮಾಲೀಕರು ತೊಂದರೆ ಕೊಡುವುದಿಲ್ಲ' ಎಂದು ಬರೆದು ಹೋದರು.

ಅಂದಿನಿಂದ ಕೀವರ್ಡಪ್ಪನ ಹಾವಳಿ ಹೆಚ್ಚಿದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ 'ನಿಯರ್ ಮಿ' ಪಾಠ.

ಮೊನ್ನೆ ಮಾತ್ರ ಸುಮ್ಮನಿದ್ದ. ವಿಚಾರಿಸಿದರೆ ಲ್ಯಾಪ್‌ಟಾಪ್ ತಿರುಗಿಸಿದ. ತಂಬಾಕು ಬಿಟ್ಟು ಬೇರೆ ಬೆಳೆಗೆ ಹೋಗುವ ಬಗ್ಗೆ ಕನ್ನಡದಲ್ಲಿ ಹಾಕಿದ ಮಾತಿಗೆಲ್ಲ, ಎಷ್ಟು ಜನ ಹುಡುಕುತ್ತಾರೆಂದು ಲೆಕ್ಕ ಕೊಡುವ ಟೂಲ್ ತೋರಿಸುತ್ತಿದ್ದುದು ಸೊನ್ನೆ. 'ಯಾರೂ ಹುಡುಕ್ತಿಲ್ಲ ಅನ್ನುತ್ತೆ ಸಾರ್. ನಮ್ಮಪ್ಪ ದಿನಾ ರಾತ್ರಿ ಫೋನಿಗೆ ಬಾಯಿಟ್ಟು ಇದನ್ನೇ ಕೇಳ್ತಾನೆ. ಟೀ ಅಂಗಡೀಲಿ ಕೇಳಕ್ಕೆ ನಾಚಿಕೆ. ಎಷ್ಟು ಜನ ಅಪ್ಪಂದಿರು ಹಿಂಗೆ ಕೇಳ್ತಾವ್ರೋ!' ಸೌದೆಯ ಖರ್ಚು, ಬ್ಯಾರನ್ನಿನ ಮುಂದೆ ರಾತ್ರಿಯಿಡೀ ನಿದ್ದೆಗೆಡುವುದು, ಹರಾಜಿನಲ್ಲಿ ತಂಬಾಕಿನ ಬೇಲ್‌ಗೆ ಬೀಳುವ ದರ ಎಲ್ಲ ಅವನಿಗೂ ಗೊತ್ತು, ನನಗೂ ಗೊತ್ತು. ಈ ಪ್ರಶ್ನೆ ಯಾವ ಜಾತಿಯದೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಪ್ರಶ್ನೆಗೆ ಉತ್ತರ ಹೇಳುವ, ಕಾಸು ಹುಟ್ಟದ ಒಂದು ಪುಟವನ್ನು ಅವನೇ ಮಾಡುತ್ತಾನಂತೆ, ನಾನು ಬರೆದುಕೊಡಬೇಕಂತೆ. ಕೃಷಿ ಅಧಿಕಾರಿಗಳನ್ನು ಕೇಳಿ ತಿಳಿದು ಬರೆಯುತ್ತಿದ್ದೇನೆ. ತಲೆಬರಹದ ಜಗಳ ಇನ್ನೂ ಹರಿದಿಲ್ಲ: 'ತಂಬಾಕಿಗೆ ಪರ್ಯಾಯ ಬೆಳೆಗಳು' ಎನ್ನುವುದು ನನ್ನದು, 'ಹೊಗೆಸೊಪ್ಪು ಬಿಟ್ರೆ ಹೊಲಕ್ಕೆ ಏನು ಹಾಕ್ಬೇಕು' ಎನ್ನುವುದು ಅವನದು.