ಅಷ್ಟಕ್ಕೆಲ್ಲಾ ಗ್ಯಾರೇಜಾ?

ಪ್ರತಿ ಮನೆತನಕ್ಕೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನೆಂಟರ ಮನೆಗೆ ಬಂದರೆ ಕುಶಲ ಕೇಳುವ ಮುಂಚೆಯೇ ಫ್ಯಾನಿನ ಕಡೆ ಕತ್ತೆತ್ತಿ "ಬೇರಿಂಗ್ ಹೋಗಿದೆ" ಎನ್ನುತ್ತಾರೆ. ಕಾಫಿ ಆಮೇಲೆ. ನಮ್ಮ ಪಾಲಿಗೆ ಬಂದವರು ಅಕ್ಕನ ಯಜಮಾನರು, ನನ್ನ ಭಾವ. ಮೈಸೂರಿನಲ್ಲಿ ಮನೆ, ಮುಚ್ಚಿಹೋದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಸರ್ವಿಸು, ಬಾಯಲ್ಲಿ ಸದಾ ಒಂದೇ ಮಾತು: "ಅಷ್ಟಕ್ಕೆಲ್ಲಾ ಗ್ಯಾರೇಜಾ?"

ಮಿಕ್ಸಿ, ನಲ್ಲಿ, ಗೀಸರುಗಳ ಕಥೆ ಬಿಡಿ, ಅದನ್ನೆಲ್ಲ ಅಕ್ಕ ಅನುಭವಿಸಿದ್ದಾಳೆ. ನನ್ನ ಹಣೆಯಲ್ಲಿ ಬರೆದಿದ್ದದ್ದು ಅವರ ಹಳೇ ಮಾರುತಿ ಕಾರಿನ ಮುಂದಿನ ಬ್ರೇಕ್ ಪ್ಯಾಡು.

ಚಾಮುಂಡಿ ಬೆಟ್ಟದಿಂದ ಇಳಿಯುತ್ತಿದ್ದೆವು. ಮುಂದಿನ ಚಕ್ರದಿಂದ ಕೀ ಎಂದು ಸದ್ದು. ನಾನು ದೇವಿಯನ್ನು ನೆನೆದೆ. ಭಾವನ ಮುಖ ಅರಳಿತು. "ಕೇಳಿಸ್ತೇನಯ್ಯಾ? ಪ್ಯಾಡು ಸವೆದಾಗ ಕೂಗಲಿ ಅಂತಲೇ ಒಂದು ಸಣ್ಣ ತಗಡು ಇಟ್ಟಿರ್ತಾರೆ. ಅದು ಡಿಸ್ಕಿಗೆ ತಾಕ್ತಿದೆ." ಮಗಳ ಮದುವೆ ನಿಶ್ಚಯವಾದ ದಿನವೂ ಆ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ.

ಪ್ಯಾಡು ಮೈಸೂರಿನಲ್ಲೂ ಸಿಗುತ್ತದೆ. ಆದರೆ ಭಾವನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯೇ ಆಗಬೇಕು. ಅಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಡ್ಯೂಪ್ಲಿಕೇಟ್ ಇರಬಹುದೆಂದು ಡಬ್ಬವನ್ನು ಬಿಸಿಲಿಗೆ ಹಿಡಿದು ನೋಡಿ, ಚೌಕಾಸಿ ಮಾಡಿ, ಗೆದ್ದ ಠೀವಿಯಲ್ಲಿ ಮನೆಗೆ ಬಂದರು. ರೈಲು ಚಾರ್ಜು, ಮಧ್ಯಾಹ್ನದ ಊಟ, ಸಂಜೆಯ ಮಸಾಲೆ ದೋಸೆ ಎಲ್ಲ ಕೂಡಿದರೆ ಮೆಕ್ಯಾನಿಕ್ಕನ ಮಜೂರಿಯೇ ಎಷ್ಟೋ ವಾಸಿ. ಆ ಲೆಕ್ಕವನ್ನು ಅವರ ಮುಂದಿಡಲು ಅಕ್ಕನೇ ಹಿಂಜರಿಯುತ್ತಾಳೆ, ಇನ್ನು ನಾನ್ಯಾರು?

ಭಾನುವಾರ ತಿಂಡಿಯಾಗುತ್ತಲೇ ಕರೆ ಬಂತು. "ಬಾರಯ್ಯಾ, ಅರ್ಧ ಗಂಟೆ ಕೆಲಸ."

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಿಬಿಡಬೇಕು. ಇಂಥವರಿಗೆ ನಿಮ್ಮ ನೆರವು ಬೇಕಾಗಿರುವುದಿಲ್ಲ. ಬೇಕಾಗಿರುವುದು ಟಾರ್ಚ್ ಹಿಡಿಯುವವನು. ಪೆನ್ನಿಗೆ ರೀಫಿಲ್ ಹಾಕುವುದರಾಚೆ ಯಾವ ರಿಪೇರಿಯೂ ಬಾರದ ನನ್ನಂಥವನು ಆ ಹುದ್ದೆಗೆ ಹೇಳಿ ಮಾಡಿಸಿದವನು ಅಂದುಕೊಂಡಿದ್ದೆ. ಟಾರ್ಚ್ ಹಿಡಿಯುವುದು ಸುಲಭವಲ್ಲ. ಅವರ ಕಣ್ಣು ಎಲ್ಲಿಗೆ ಹೋಗಲಿದೆಯೋ ಅಲ್ಲಿಗೆ ನಿಮ್ಮ ಬೆಳಕು ಒಂದು ಕ್ಷಣ ಮೊದಲೇ ತಲುಪಿರಬೇಕು. ತಪ್ಪಿದರೆ "ಎಲ್ಲಿ ನೋಡ್ತಿದ್ದೀಯಾ?", ತಲುಪಿದರೆ "ಕಣ್ಣಿಗೆ ಬಿಡಬೇಡ". ಹಟ್ಟಹಗಲು, ತಲೆಯ ಮೇಲೆ ಬಿಸಿಲು ಕಾಯುತ್ತಿದೆ. ಮಡ್‌ಗಾರ್ಡಿನ ಕೆಳಗಿನ ಒಂದು ಗೇಣು ಕತ್ತಲಿಗಾಗಿ ನಾನು ಕುಕ್ಕರಗಾಲಿನಲ್ಲಿ ಕೂತಿದ್ದೇನೆ. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ ಹೋಗುತ್ತಿದ್ದಾರೆ. ನಡುವೆ ಮೊಬೈಲಿಗೆ ಫೋನು ಬಂದು ಬೆಳಕು ನಡುಗಿದ್ದಕ್ಕೆ ನನ್ನ ಆಫೀಸಿನವರಿಗೂ ಸೇರಿಸಿ ಬೈಗುಳ.

ಆದರೆ ಅವರ ಕೆಲಸ ನೋಡಬೇಕು. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿದ್ದಾಗಲೇ ಸಡಿಲಿಸಿದರು. ಎತ್ತಿದ ಮೇಲೆ ತಿರುಗಿಸಹೋದರೆ ಚಕ್ರವೂ ಜೊತೆಗೆ ಸುತ್ತುತ್ತದೆ. ಹಿಂದಿನ ಚಕ್ರಕ್ಕೆ ಕಲ್ಲು, ಜಾಕಿಯ ಜೊತೆಗೆ ಕಬ್ಬಿಣದ ಸ್ಟ್ಯಾಂಡು, ಅದೂ ಸಾಲದೆಂದು ಬಿಚ್ಚಿದ ಚಕ್ರವನ್ನೇ ಗಾಡಿಯ ಅಡಿಗೆ ಮಲಗಿಸಿದರು. ನಟ್ಟುಗಳು ಹೋಗಿ ಕೂತದ್ದು ಅಕ್ಕನ ಇಡ್ಲಿ ತಟ್ಟೆಯಲ್ಲಿ. ಚಕ್ರಕ್ಕೆ ನಾಲ್ಕು ನಟ್ಟು, ತಟ್ಟೆಗೆ ನಾಲ್ಕು ಕುಳಿ. "ಇದಕ್ಕಿಂತ ಒಳ್ಳೆ ಟ್ರೇ ಯಾವ ಕಂಪನಿಯೂ ಮಾಡಲ್ಲ" ಎಂದರು. ಬಾಗಿಲಲ್ಲಿ ನಿಂತಿದ್ದ ಅಕ್ಕ "ರೀ, ಆ ತಟ್ಟೆ ಇನ್ನು ಒಳಗೆ ತರಬೇಡಿ" ಎಂದಳು.

ಕ್ಯಾಲಿಪರಿನ ಕೆಳಗಿನ ಬೋಲ್ಟು ಬಿಚ್ಚಿ ಮೇಲಕ್ಕೆ ಮಗುಚಿದರು. ಬ್ರೇಕ್ ಹೋಸಿನ ಮೇಲೆ ಅದರ ಭಾರ ಬೀಳಬಾರದೆಂದು, ಅಕ್ಕ ಮಲ್ಲಿಗೆ ಬಳ್ಳಿಗೆ ಕಟ್ಟಿದ್ದ ತಂತಿಯನ್ನು ಕಿತ್ತು ತಂದು ನೇತುಹಾಕಿದರು. ಹಳೇ ಪ್ಯಾಡು ಹೊರಬಂತು. ಹೊಸದು ಬೆರಳ ದಪ್ಪ, ಹಳೆಯದು ಬಿಸ್ಕತ್ತಿಗಿಂತ ತೆಳು. ಹೊಸದಕ್ಕೆ ಜಾಗವಾಗಬೇಕಾದರೆ ಪಿಸ್ಟನ್ನನ್ನು ಒಳಗೆ ತಳ್ಳಬೇಕು. ತಳ್ಳಿದರೆ ಬಾನೆಟ್ಟಿನೊಳಗಿನ ಡಬ್ಬದಲ್ಲಿ ಬ್ರೇಕ್ ಆಯಿಲ್ ಏರಿ ಉಕ್ಕುತ್ತದೆ. ಹಾಗಾಗಿ ಹೆಚ್ಚಾದದ್ದನ್ನು ನಾಯಿಗೆ ಔಷಧ ಕುಡಿಸುವ ಸಿರಿಂಜಿನಲ್ಲಿ ಮೊದಲೇ ಹೀರಿ ತೆಗೆದರು. ಒಂದು ತೊಟ್ಟು ಬಣ್ಣದ ಮೇಲೆ ಬಿದ್ದಿತು ನೋಡಿ, ಅರವತ್ತು ದಾಟಿದ ಮನುಷ್ಯ ನೀರಿನ ಚೊಂಬಿಗೆ ಓಡಿದ ಓಟ! ಆ ಆಯಿಲ್ ಬಣ್ಣವನ್ನು ಎಬ್ಬಿಸಿಬಿಡುತ್ತದಂತೆ.

ಇದರ ಮಧ್ಯೆ ಉಪನ್ಯಾಸ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಪ್ಯಾಡೇ ಬೇಗ ಸವೆಯುತ್ತದೆ ಎಂಬುದು ಸರಿ, ಬೇಕಾದ ಮಾತು. 1902ರಲ್ಲಿ ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬಾತ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು, 1953ರ ಲ ಮಾನ್ ರೇಸಿನಲ್ಲಿ ಜಾಗ್ವಾರ್ ಆ ಬ್ರೇಕಿನ ಬಲದಿಂದ ಗೆದ್ದದ್ದು, ಇವನ್ನೆಲ್ಲ ಹಸಿದ ಹೊಟ್ಟೆಯಲ್ಲಿ, ಮರಗಟ್ಟಿದ ಕಾಲಿನಲ್ಲಿ ಕೇಳಬೇಕಿತ್ತೇ? ಒಂದು ಕಡೆಯದು ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಎದ್ದೆ. "ಎಲ್ಲಿಗೆ? ಒಂದೇ ಕಡೆ ಬದಲಾಯಿಸಿದ್ರೆ ಬ್ರೇಕ್ ಹಾಕ್ದಾಗ ಗಾಡಿ ಪಕ್ಕಕ್ಕೆ ಎಳೆಯುತ್ತೆ ಕಣಯ್ಯಾ." ಮತ್ತೆ ಕೂತೆ.

ಮನೆಯಲ್ಲಿ ರಿಪೇರಿ ಮಾಡುವವರ ಬಳಿ ಕೊನೆಗೊಂದು ಬೋಲ್ಟು ಉಳಿದುಬಿಡುತ್ತದೆ ಎಂದು ಲೋಕ ನಗುತ್ತದೆ. ನಮ್ಮ ಭಾವನ ಬಳಿ ಏನೂ ಉಳಿದದ್ದಿಲ್ಲ. ನನ್ನ ಭಾನುವಾರವೂ ಉಳಿದದ್ದಿಲ್ಲ.

ಸಂಜೆ ನನ್ನನ್ನು ಸೀಟಿನಲ್ಲಿ ಕೂರಿಸಿ "ಒತ್ತು" ಎಂದರು. ಪೆಡಲ್ಲು ಸೀದಾ ನೆಲಕ್ಕೆ ಹೋಯಿತು. ನನ್ನ ಜೀವವೂ. "ಹೆದರಬೇಡ, ಒತ್ತುತ್ತಾ ಇರು. ಪಿಸ್ಟನ್ನು ಪ್ಯಾಡಿನ ಹತ್ತಿರ ಬರಬೇಕು." ಕೆಲವು ಸಲ ಒತ್ತಿದ ಮೇಲೆ ಕಾಲಡಿ ಗಟ್ಟಿಯಾಯಿತು. ಗೇಟು ತೆಗೆಯಲು ಅವರು ಬಿಟ್ಟದ್ದು ಅದಾದ ಮೇಲೆಯೇ.

ತಲೆಗೆ ಕಟ್ಟಿಕೊಳ್ಳುವ ದೀಪವೊಂದನ್ನು ಭಾವನಿಗೆ ಅವರ ಮಗ ತಂದುಕೊಟ್ಟಿದ್ದಾನೆ. ಅದಿನ್ನೂ ಕವರಿನಲ್ಲೇ ಇದೆ. ನನಗೆ ಮೊದಲು ಸಿಟ್ಟು ಬಂದಿತ್ತು, ಈಗ ಬರುವುದಿಲ್ಲ. ಟೂಲ್ ರೂಮಿನಲ್ಲಿ ಅವರ ಕೈಕೆಳಗೆ ಅಪ್ರೆಂಟಿಸ್ ಹುಡುಗರಿದ್ದರು. ಕಾರ್ಖಾನೆ ಮುಚ್ಚಿದಾಗ ಸ್ಪ್ಯಾನರುಗಳನ್ನು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟುಕೊಂಡರು. ಹುಡುಗರನ್ನು ಎಲ್ಲಿಂದ ತರುವುದು? ಲ್ಯಾಂಚೆಸ್ಟರನ ಕಥೆ ಕೇಳಲು ಒಂದು ಜೀವ ಪಕ್ಕದಲ್ಲಿ ಬೇಕಲ್ಲ.

ಕಳೆದ ಸಲ ಮಗ ಎಲೆಕ್ಟ್ರಿಕ್ ಕಾರಿನಲ್ಲಿ ಬಂದ. ಭಾವ ಬಿಡುತ್ತಾರೆಯೇ? ಚಕ್ರ ಬಿಚ್ಚಿದರು. ಪ್ಯಾಡು ಹೊಸದರ ಹಾಗೇ ಇತ್ತು. ವೇಗ ತಗ್ಗಿಸುವ ಕೆಲಸವನ್ನು ಹೆಚ್ಚಾಗಿ ಮೋಟಾರೇ ಮಾಡಿ ಬ್ಯಾಟರಿ ತುಂಬಿಕೊಳ್ಳುವುದರಿಂದ ಪ್ಯಾಡು ಸವೆಯುವುದು ಕಡಿಮೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆಮೇಲೆ ಕ್ಯಾಲಿಪರಿನ ಪಿನ್ನನ್ನು ಎಳೆದು ನೋಡಿ "ಉಪಯೋಗಿಸದೆ ಬಿಟ್ರೆ ಇದು ತುಕ್ಕು ಹಿಡಿದು ಜಾಮ್ ಆಗುತ್ತೆ ಕಣೋ! ಗ್ರೀಸ್ ಹಾಕಬೇಕು" ಎಂದವರು, ನನ್ನ ಕಡೆ ತಿರುಗಿ ಕೈ ಚಾಚಿದರು. ಮಗ ಅಷ್ಟರಲ್ಲೇ ಒಳಗೆ ಜಾರಿಕೊಂಡಿದ್ದ.

ನಿಮ್ಮಲ್ಲೂ ಇಂಥವರಿದ್ದರೆ ಭಾನುವಾರ ಆ ಕಡೆ ಬಿಳಿ ಷರ್ಟು ಹಾಕಿಕೊಂಡು ಹೋಗಬೇಡಿ, ತಿಂಡಿ ಗಟ್ಟಿಯಾಗಿ ತಿಂದೇ ಹೋಗಿ. ಅವರು ಕೈಯಿಟ್ಟ ಗಾಡಿಯಲ್ಲಿ ಮಾತ್ರ ಧೈರ್ಯವಾಗಿ ಕೂರಬಹುದು. ನಮ್ಮ ಭಾವ ಈಗಲೂ ಅಕ್ಕನನ್ನು ಕೂರಿಸಿಕೊಂಡು ಅದೇ ಮಾರುತಿಯಲ್ಲಿ ಬೆಟ್ಟ ಇಳಿಯುತ್ತಾರೆ, ಅದೂ ಸೆಕೆಂಡ್ ಗೇರಿನಲ್ಲಿ.